ನದಿಯಲ್ಲಿ ಕಂಬವಿಲ್ಲದ ಸೇತುವೆ: ಹೌರಾ ಸೇತುವೆಯ ವಿನ್ಯಾಸ ಮತ್ತು ನಿರ್ಮಾಣದ ಇತಿಹಾಸ

ಪೀಠಿಕೆ

ಭಾರತದ ನಗರಗಳ ಇತಿಹಾಸವನ್ನು ನಿರೂಪಿಸುವಾಗ ಕೋಟೆ, ಅರಮನೆ, ದೇವಾಲಯ ಹಾಗೂ ಮಾರುಕಟ್ಟೆಗಳಿಗೆ ದೊರೆತಿರುವ ಸ್ಥಾನ ಸೇತುವೆಗಳಿಗೆ ದೊರೆತಿರುವುದು ವಿರಳ. ಸೇತುವೆಯನ್ನು ಕೇವಲ ಸಂಚಾರದ ಸಾಧನವೆಂದು ಭಾವಿಸುವ ರೂಢಿಯಿಂದಾಗಿ ಅದರ ಹಿಂದಿರುವ ಆರ್ಥಿಕ, ರಾಜಕೀಯ ಹಾಗೂ ತಾಂತ್ರಿಕ ನಿರ್ಧಾರಗಳು ಅಲಕ್ಷ್ಯಕ್ಕೆ ಒಳಗಾಗುತ್ತವೆ. ವಾಸ್ತವದಲ್ಲಿ ಒಂದು ಮಹಾನಗರದ ಸೇತುವೆ ಎಲ್ಲಿ ನಿಲ್ಲಬೇಕು, ಯಾವ ಆಕಾರ ತಾಳಬೇಕು, ಯಾರಿಗಾಗಿ ತೆರೆದಿರಬೇಕು ಎಂಬ ಪ್ರಶ್ನೆಗಳಿಗೆ ಆ ನಗರವು ಕೊಟ್ಟುಕೊಂಡ ಉತ್ತರವೇ ಆ ಸೇತುವೆಯ ರೂಪದಲ್ಲಿ ಉಳಿದಿರುತ್ತದೆ.

ಹೂಗ್ಲಿ ನದಿಗೆ ಅಡ್ಡಲಾಗಿ ಕಲ್ಕತ್ತ ಮತ್ತು ಹೌರಾ ನಗರಗಳನ್ನು ಜೋಡಿಸುವ ಹೌರಾ ಸೇತುವೆ ಈ ಮಾತಿಗೆ ಉತ್ತಮ ನಿದರ್ಶನ. 1943ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯನ್ನು ಕುರಿತ ಜನಪ್ರಿಯ ಬರಹಗಳು ಅದರ ಉಕ್ಕಿನ ತೂಕವನ್ನೂ ನಟ್ಟು ಬೋಲ್ಟುಗಳಿಲ್ಲದೆ ರಿವೆಟ್‌ಗಳಿಂದಲೇ ಅದನ್ನು ಜೋಡಿಸಿರುವುದನ್ನೂ ಬಣ್ಣಿಸುವುದರಲ್ಲಿ ತೃಪ್ತಿ ಹೊಂದುತ್ತವೆ. ಇವು ನಿಜವಾದ ಸಂಗತಿಗಳೇ ಆದರೂ ಸೇತುವೆ ಇದೇ ಆಕಾರವನ್ನು ಏಕೆ ಪಡೆಯಿತು ಎಂಬುದನ್ನು ಅವು ವಿವರಿಸುವುದಿಲ್ಲ. ನದಿಯ ಹರಿವಿಗೆ ಕಂಬಗಳು ಅಡ್ಡಿಯಾಗಬಾರದು ಎಂಬ ಒಂದೇ ಒಂದು ನಿಬಂಧನೆಯಿಂದ ಈ ಸೇತುವೆಯ ಸಮಸ್ತ ಸ್ವರೂಪವೂ ಹುಟ್ಟಿಬಂದಿತು. ಆ ನಿಬಂಧನೆಯ ಮೂಲ, ಅದು ನಿರ್ಮಾಣದ ಪ್ರತಿ ಹಂತವನ್ನು ರೂಪಿಸಿದ ಬಗೆ ಹಾಗೂ ನಂತರದ ಕಾಲದಲ್ಲಿ ಅದಕ್ಕೆ ಒದಗಿದ ಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎರಡು ದಡಗಳು, ಒಂದು ನಗರ

ಹೂಗ್ಲಿಯ ಪೂರ್ವದಂಡೆಯಲ್ಲಿ ಕಲ್ಕತ್ತ ಬೆಳೆಯಿತು. ಈಸ್ಟ್ ಇಂಡಿಯನ್ ರೈಲ್ವೆಯ ಮೊದಲ ರೈಲು 1854ರ ಆಗಸ್ಟ್ 15ರಂದು ಪಶ್ಚಿಮದಂಡೆಯ ಹೌರಾದಿಂದ ಹೂಗ್ಲಿ ಪಟ್ಟಣಕ್ಕೆ ಹೊರಟಿತು. ಹೀಗೆ ರಾಜಧಾನಿ ಒಂದು ದಡದಲ್ಲಿಯೂ ಅದಕ್ಕೆ ಉತ್ತರ ಭಾರತದ ಸಂಪರ್ಕವನ್ನು ಒದಗಿಸುವ ರೈಲು ನಿಲ್ದಾಣ ಮತ್ತೊಂದು ದಡದಲ್ಲಿಯೂ ನೆಲೆಗೊಂಡವು. ರೈಲಿನಲ್ಲಿ ಬಂದ ಪ್ರತಿಯೊಬ್ಬ ಪ್ರಯಾಣಿಕನೂ ಪ್ರತಿಯೊಂದು ಮೂಟೆಯೂ ದೋಣಿಯಲ್ಲಿ ನದಿ ದಾಟಬೇಕಾಗಿತ್ತು. ರೈಲುಮಾರ್ಗ ವಿಸ್ತಾರಗೊಂಡಂತೆ ಈ ತೊಡಕು ಹೆಚ್ಚುತ್ತಾ ಹೋಯಿತು.

1862ರಲ್ಲಿ ಬಂಗಾಳ ಸರ್ಕಾರವು ಹೂಗ್ಲಿಗೆ ಸೇತುವೆ ಕಟ್ಟುವ ಸಾಧ್ಯತೆಯನ್ನು ಪರಿಶೀಲಿಸುವಂತೆ ಈಸ್ಟ್ ಇಂಡಿಯನ್ ರೈಲ್ವೆಯ ಮುಖ್ಯ ಎಂಜಿನಿಯರ್ ಜಾರ್ಜ್ ಟರ್ನ್‌ಬುಲ್ ಅವರನ್ನು ಕೋರಿತು. ಅದೇ ವರ್ಷದ ಮಾರ್ಚ್ 29ರಂದು ಅವರು ಸಲ್ಲಿಸಿದ ವರದಿಯಲ್ಲಿ ಎರಡು ಆಕ್ಷೇಪಗಳಿದ್ದವು. ಕಲ್ಕತ್ತದ ಬಳಿ ಕೆಸರಿನ ಪದರ ಬಹಳ ಆಳವಾಗಿರುವುದರಿಂದ ಅಡಿಪಾಯಕ್ಕೆ ಅಪಾರ ವೆಚ್ಚ ತಗಲುತ್ತದೆ. ಸೇತುವೆಯಿಂದ ಹಡಗುಗಳ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಬದಲಾಗಿ ನಗರದಿಂದ ಹನ್ನೆರಡು ಮೈಲಿಗಳಷ್ಟು ಉತ್ತರಕ್ಕೆ, ಗಟ್ಟಿ ಜೇಡಿಮಣ್ಣು ಹೆಚ್ಚು ಆಳವಿಲ್ಲದೆ ದೊರೆಯುವ ಪಲ್ತಾ ಘಾಟ್‌ನಲ್ಲಿ ಸೇತುವೆ ಕಟ್ಟಬಹುದೆಂದು ಅವರು ಸೂಚಿಸಿದರು. 400 ಅಡಿಗಳ ಐದು ಅಂಕಣಗಳು ಹಾಗೂ 200 ಅಡಿಗಳ ಎರಡು ಅಂಕಣಗಳುಳ್ಳ ಆ ಸೇತುವೆ ನಿರ್ಮಾಣವಾಗಲಿಲ್ಲ. ಆದರೆ ಮೆತ್ತನೆಯ ನೆಲ ಮತ್ತು ಹಡಗುಗಳ ದಾರಿ ಎಂದು ಟರ್ನ್‌ಬುಲ್ ಗುರುತಿಸಿದ ಎರಡು ಸಮಸ್ಯೆಗಳೇ ಮುಂದಿನ ಎಂಬತ್ತು ವರ್ಷಗಳ ಚರ್ಚೆಯ ಕೇಂದ್ರದಲ್ಲಿ ಉಳಿದವು.

ತೇಲುವ ಸೇತುವೆ

ಕಲ್ಕತ್ತ ಬಂದರಿನ ಆಡಳಿತಕ್ಕಾಗಿ 1870ರಲ್ಲಿ ಆಯುಕ್ತರ ಮಂಡಳಿ ಅಸ್ತಿತ್ವಕ್ಕೆ ಬಂದಿತು. 1871ರಲ್ಲಿ ಹೌರಾ ಸೇತುವೆ ಶಾಸನ ಜಾರಿಗೊಂಡು ಸೇತುವೆಯ ಆಡಳಿತ ಇದೇ ಮಂಡಳಿಯ ಕೈಸೇರಿತು. ನದಿಯನ್ನು ಹಡಗುಗಳಿಗಾಗಿ ತೆರೆದಿಡುವುದು ಯಾರ ಕರ್ತವ್ಯವೋ ಅವರಿಗೇ ಅದನ್ನು ಜನರಿಗಾಗಿ ದಾಟಿಸುವ ಹೊಣೆಯೂ ಬಂದಿತೆಂಬುದು ಇಲ್ಲಿ ಗಮನಾರ್ಹ.

ಈ ಎರಡು ಕರ್ತವ್ಯಗಳ ನಡುವಣ ಸಂಧಾನವೆಂಬಂತೆ ಸರ್ ಬ್ರಾಡ್‌ಫೋರ್ಡ್ ಲೆಸ್ಲಿ ಅವರು ತೇಲುದೋಣಿಗಳ ಮೇಲೆ ನಿಲ್ಲುವ ಸೇತುವೆಯನ್ನು ವಿನ್ಯಾಸಗೊಳಿಸಿದರು. ಅದರ ಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದು ಕಲ್ಕತ್ತದಲ್ಲಿ ಜೋಡಣೆಗೊಂಡವು. 1874ರ ಮಾರ್ಚ್ ತಿಂಗಳಿನಲ್ಲಿ, ಕೆಲಸ ನಡೆಯುತ್ತಿರುವಾಗಲೇ ಬೀಸಿದ ಚಂಡಮಾರುತಕ್ಕೆ ಸಿಕ್ಕಿದ ‘ಎಜೀರಿಯಾ’ ಎಂಬ ಉಗಿಹಡಗು ಲಂಗರು ಕಳಚಿಕೊಂಡು ಸೇತುವೆಗೆ ಅಪ್ಪಳಿಸಿತು; ಸುಮಾರು 200 ಅಡಿಗಳಷ್ಟು ಭಾಗ ಹಾನಿಗೊಂಡಿತು. ದುರಸ್ತಿಯ ನಂತರ ಅದೇ ವರ್ಷದ ಅಕ್ಟೋಬರ್ 17ರಂದು ಸೇತುವೆ ಸಂಚಾರಕ್ಕೆ ತೆರೆಯಿತು. ಅದರ ಉದ್ದ 1,528 ಅಡಿ, ಅಗಲ 62 ಅಡಿ. ಅದರಲ್ಲಿ 48 ಅಡಿ ವಾಹನಗಳಿಗೆ, ಉಳಿದದ್ದು ಎರಡು ಬದಿಯ ಪಾದಚಾರಿಗಳಿಗೆ ಮೀಸಲು. 1879ರ ಆಗಸ್ಟ್ ತಿಂಗಳಿನಲ್ಲಿ ಅದಕ್ಕೆ ವಿದ್ಯುದ್ದೀಪಗಳನ್ನು ಅಳವಡಿಸಲಾಯಿತು.

ಈ ಸೇತುವೆಯ ನಡುವಣ 200 ಅಡಿಗಳ ಭಾಗವನ್ನು ಬಿಡಿಸಿ ಹಡಗುಗಳಿಗೆ ದಾರಿ ಕೊಡಲಾಗುತ್ತಿತ್ತು. ಅಂದರೆ ಹಡಗು ಸಾಗುವಾಗ ನಗರ ನಿಲ್ಲಬೇಕಿತ್ತು. ರೈಲಿಗೆ ಹೊರಟವರು, ಕಚೇರಿಗೆ ಬರುವವರು, ಸಾಮಾನು ಹೊತ್ತ ಕೂಲಿಗಳು, ಎತ್ತಿನ ಗಾಡಿಗಳು ಎಲ್ಲವೂ ದಡದಲ್ಲಿ ಕಾಯಬೇಕಿತ್ತು. 1906ರ ಜೂನ್‌ವರೆಗೆ ಸೇತುವೆಯನ್ನು ಹಗಲಿನಲ್ಲಿ ಮಾತ್ರ ಬಿಡಿಸುತ್ತಿದ್ದುದರಿಂದ ಜನದಟ್ಟಣೆಯ ಹೊತ್ತಿನಲ್ಲಿಯೇ ಈ ತಡೆ ಉಂಟಾಗುತ್ತಿತ್ತು. ಆ ತಿಂಗಳಿಂದ ಸಾಗರಯಾನದ ಹಡಗುಗಳನ್ನು ಬಿಟ್ಟು ಉಳಿದವುಗಳಿಗೆ ರಾತ್ರಿಯ ವೇಳೆ ದಾರಿ ಕೊಡುವ ವ್ಯವಸ್ಥೆಯಾಯಿತು. ಅದೇ ವರ್ಷ ಬಂದರು ಆಯುಕ್ತರು ಹದಿನಾರು ದಿನಗಳ ಕಾಲ ವಾಹನಗಳ ಗಣತಿ ನಡೆಸಿದರು. ಅತಿ ಹೆಚ್ಚು ದಟ್ಟಣೆಯಿದ್ದ ಆಗಸ್ಟ್ 27ರಂದು ಸೇತುವೆಯ ಮೇಲೆ ಸಾಗಿದ ವಾಹನಗಳಲ್ಲಿ ಹದಿಮೂರರಲ್ಲಿ ಎಂಟು ಪಾಲು ಎತ್ತಿನ ಗಾಡಿಗಳಾಗಿದ್ದವು. ಸಾಮ್ರಾಜ್ಯದ ಎರಡನೆಯ ನಗರವೆಂದು ಕರೆಸಿಕೊಂಡ ಕಲ್ಕತ್ತದ ಸರಕು ಸಾಗಣೆ ಎತ್ತುಗಳ ಹೆಗಲ ಮೇಲೆಯೇ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಸಮಿತಿಗಳ ಯುಗ

ಹೌರಾದ ಹೊಸ ರೈಲು ನಿಲ್ದಾಣದ ಕಟ್ಟಡ 1905ರಲ್ಲಿ ತೆರೆದ ಮೇಲೆ ತೇಲು ಸೇತುವೆಯ ಮೇಲಿನ ಒತ್ತಡ ಇನ್ನೂ ಹೆಚ್ಚಿತು. ರೈಲ್ವೆಯ ಮುಖ್ಯ ಎಂಜಿನಿಯರ್ ಆರ್. ಎಸ್. ಹೈಯೆಟ್ ಮತ್ತು ಕಲ್ಕತ್ತ ನಗರಸಭೆಯ ಮುಖ್ಯ ಎಂಜಿನಿಯರ್ ಡಬ್ಲ್ಯು. ಬಿ. ಮೆಕ್‌ಕೇಬ್ ಅವರನ್ನೊಳಗೊಂಡ ಸಮಿತಿಯು ಹಲವು ಪರ್ಯಾಯಗಳನ್ನು ತೂಗಿನೋಡಿ, ಮತ್ತೊಂದು ತೇಲು ಸೇತುವೆಯೇ ಸೂಕ್ತವೆಂಬ ನಿಲುವಿಗೆ ಬಂದಿತು. ಟೆಂಡರುಗಳನ್ನು ಕರೆಯಲಾಯಿತಾದರೂ 1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದಿಂದಾಗಿ ಯೋಜನೆ ನೆನೆಗುದಿಗೆ ಬಿದ್ದಿತು.

1921ರಲ್ಲಿ ಸರ್ ರಾಜೇಂದ್ರನಾಥ ಮುಖರ್ಜಿಯವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೊಂದು ನೇಮಕಗೊಂಡಿತು. ಬಂದರಿನ ಅಧ್ಯಕ್ಷರಾಗಿದ್ದ ಸರ್ ಕ್ಲೆಮೆಂಟ್ ಹಿಂಡ್ಲೆ ಮತ್ತು ಮುಖ್ಯ ಎಂಜಿನಿಯರ್ ಜೆ. ಮೆಕ್‌ಗ್ಲಾಷನ್ ಅದರ ಸದಸ್ಯರು. ಮುಖರ್ಜಿಯವರು ಆ ಕಾಲದ ಭಾರತೀಯ ಎಂಜಿನಿಯರ್-ಉದ್ಯಮಿಗಳಲ್ಲಿ ಅಗ್ರಗಣ್ಯರು. ಅವರ ಮಾರ್ಟಿನ್ ಅಂಡ್ ಕಂಪನಿಯು ಕಲ್ಕತ್ತದ ವಿಕ್ಟೋರಿಯಾ ಸ್ಮಾರಕವನ್ನು ನಿರ್ಮಿಸಿದ ಸಂಸ್ಥೆ. ಸಮಿತಿಯು ಸರ್ ಬೇಸಿಲ್ ಮಾಟ್ ಅವರ ಅಭಿಪ್ರಾಯವನ್ನು ಕೇಳಿದಾಗ ಅವರು ಒಂದೇ ಅಂಕಣದ ಕಮಾನು ಸೇತುವೆಯನ್ನು ಸೂಚಿಸಿದರು. 1922ರಲ್ಲಿ ಹೊಸ ಹೌರಾ ಸೇತುವೆ ಆಯೋಗ ರಚನೆಯಾಯಿತು. 1926ರಲ್ಲಿ ಹೊಸ ಹೌರಾ ಸೇತುವೆ ಶಾಸನ ಅಂಗೀಕಾರಗೊಂಡಿತು. 1930ರಲ್ಲಿ ಎಸ್. ಡಬ್ಲ್ಯು. ಗುಡ್ ಅವರ ಅಧ್ಯಕ್ಷತೆಯಲ್ಲಿ ಎಸ್. ಎನ್. ಮಲ್ಲಿಕ್ ಮತ್ತು ಡಬ್ಲ್ಯು. ಎಚ್. ಥಾಂಪ್ಸನ್ ಅವರನ್ನೊಳಗೊಂಡ ಮತ್ತೊಂದು ಸಮಿತಿಯು ನದಿಯಲ್ಲಿ ಕಂಬಗಳನ್ನು ನಿಲ್ಲಿಸಿ ಸೇತುವೆ ಕಟ್ಟುವುದು ಉಚಿತವೇ ಎಂಬ ಪ್ರಶ್ನೆಯನ್ನೇ ಪ್ರಧಾನವಾಗಿ ವಿಚಾರಣೆಗೆ ಎತ್ತಿಕೊಂಡಿತು.

ಈ ಪ್ರಶ್ನೆಯ ಮಹತ್ವವನ್ನು ಅರಿಯಲು ಹೂಗ್ಲಿಯ ಸ್ವಭಾವವನ್ನು ಗಮನಿಸಬೇಕು. ಅದು ಗಂಗೆಯ ಕವಲಾಗಿದ್ದು ಅಪಾರ ಪ್ರಮಾಣದ ಹೂಳನ್ನು ಹೊತ್ತು ತರುತ್ತದೆ. ಸಮುದ್ರದ ಉಬ್ಬರವಿಳಿತ ಕಲ್ಕತ್ತವನ್ನೂ ದಾಟಿ ಮೇಲಕ್ಕೆ ಏರುತ್ತದೆ. ಇಂತಹ ನದಿಯಲ್ಲಿ ಕಂಬವೊಂದನ್ನು ನಿಲ್ಲಿಸಿದರೆ ನೀರಿನ ಹರಿವು ಕವಲೊಡೆದು, ಕಂಬದ ಬುಡದಲ್ಲಿ ಕೊರೆತವೂ ಅದರ ಮರೆಯಲ್ಲಿ ಹೂಳಿನ ದಿಬ್ಬವೂ ಉಂಟಾಗುತ್ತವೆ. ಹೂಳೆತ್ತುವುದಕ್ಕಾಗಿ ನಿರಂತರವಾಗಿ ವೆಚ್ಚ ಮಾಡುತ್ತಿದ್ದ ಬಂದರಿಗೆ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಲೆಸ್ಲಿಯವರೇ ನಿರ್ಮಿಸಿದ, 1887ರಲ್ಲಿ ಪೂರ್ಣಗೊಂಡ ಜ್ಯೂಬಿಲಿ ರೈಲು ಸೇತುವೆ ಮತ್ತು 1931ರಲ್ಲಿ ಬಾಲಿಯ ಬಳಿ ತೆರೆದ ವಿಲಿಂಗ್ಡನ್ ಸೇತುವೆಗಳು ನದಿಯಲ್ಲಿ ಕಂಬಗಳನ್ನು ಹೊಂದಿದ್ದವು; ಅವೆರಡೂ ಬಂದರಿನಿಂದ ಮೇಲಕ್ಕೆ ಇದ್ದವು. ಕಲ್ಕತ್ತದ ಮುಂಭಾಗದಲ್ಲಿ ಮಾತ್ರ ಅಂತಹ ಅನುಮತಿಗೆ ಅವಕಾಶವಿರಲಿಲ್ಲ.

ವಿನ್ಯಾಸದ ತರ್ಕ

ನದಿಯಲ್ಲಿ ಕಂಬವಿರಬಾರದೆಂದು ನಿರ್ಧಾರವಾದೊಡನೆ ಸೇತುವೆಯ ಮುಖ್ಯ ಅಂಕಣದ ಉದ್ದವೂ ನಿರ್ಧಾರವಾಯಿತು. ದಡದಿಂದ ದಡಕ್ಕೆ ಒಂದೇ ಜಿಗಿತದಲ್ಲಿ 1,500 ಅಡಿ, ಅಂದರೆ ಸುಮಾರು 457 ಮೀಟರುಗಳನ್ನು ದಾಟಬೇಕಿತ್ತು. ಇದಕ್ಕೆ ಮೂರು ದಾರಿಗಳಿದ್ದವು. ಕಮಾನು ಸೇತುವೆ ತನ್ನ ಎರಡು ತುದಿಗಳಲ್ಲಿ ನೆಲವನ್ನು ಹೊರಕ್ಕೆ ತಳ್ಳುತ್ತದೆ. ತೂಗು ಸೇತುವೆಯ ಹುರಿಗಳು ನೆಲವನ್ನು ಒಳಕ್ಕೆ ಎಳೆಯುತ್ತವೆ. ಇವೆರಡಕ್ಕೂ ಪಾರ್ಶ್ವಬಲವನ್ನು ತಡೆದುಕೊಳ್ಳುವ ಗಟ್ಟಿ ನೆಲ ಅಗತ್ಯ. ಬಂಡೆಯೇ ಇಲ್ಲದ, ಮೆಕ್ಕಲು ಮಣ್ಣಿನ ಬಂಗಾಳದಲ್ಲಿ ಅದು ಸುಲಭಸಾಧ್ಯವಲ್ಲ. ಮೂರನೆಯದಾದ ಕ್ಯಾಂಟಿಲಿವರ್ ಅಥವಾ ಚಾಚುತೊಲೆ ಸೇತುವೆಯು ತನ್ನ ಭಾರವನ್ನು ಬಹುಮಟ್ಟಿಗೆ ನೇರವಾಗಿ ಕೆಳಕ್ಕೆ ಇಳಿಸುತ್ತದೆ.

ಲಂಡನ್ನಿನ ರೆಂಡೆಲ್, ಪಾಮರ್ ಅಂಡ್ ಟ್ರಿಟನ್ ಸಂಸ್ಥೆಯು ಸಿದ್ಧಪಡಿಸಿದ ವಿನ್ಯಾಸ ಈ ಮೂರನೆಯ ಬಗೆಯದು. ಇದರ ಕಾರ್ಯವಿಧಾನವನ್ನು ತಕ್ಕಡಿಯ ಹೋಲಿಕೆಯಿಂದ ತಿಳಿಯಬಹುದು. ಪ್ರತಿ ದಡದಲ್ಲಿಯೂ ಅಡಿಪಾಯದಿಂದ 280 ಅಡಿ ಎತ್ತರಕ್ಕೇರುವ ಗೋಪುರವಿದೆ. ಗೋಪುರದಿಂದ ನದಿಯ ಕಡೆಗೆ 468 ಅಡಿ ಉದ್ದದ ಚಾಚುತೋಳು, ನೆಲದ ಕಡೆಗೆ 325 ಅಡಿ ಉದ್ದದ ಲಂಗರುತೋಳು ಹೊರಡುತ್ತವೆ. ಎರಡು ದಡಗಳ ಚಾಚುತೋಳುಗಳ ತುದಿಗಳ ನಡುವೆ 564 ಅಡಿ ಉದ್ದದ ಮಧ್ಯಭಾಗ ತೂಗುತ್ತದೆ. ನದಿಯ ಕಡೆಯ ಭಾರ ಹೆಚ್ಚಾಗಿರುವುದರಿಂದ ದಡದ ಕಡೆಯ ತುದಿ ಮೇಲೇಳಲು ಯತ್ನಿಸುತ್ತದೆ. ಅದನ್ನು ನೆಲದೊಳಗಿನ ಲಂಗರುಗಳು ಕೆಳಕ್ಕೆ ಹಿಡಿದಿಡುತ್ತವೆ. ಆದ್ದರಿಂದ ಸೇತುವೆಯ ದಡದ ತುದಿಯಲ್ಲಿರುವ ಅಡಿಪಾಯದ ಮುಖ್ಯ ಕೆಲಸ ಭಾರವನ್ನು ಹೊರುವುದಲ್ಲ, ಮೇಲೇಳುವುದನ್ನು ತಡೆಯುವುದು.

ವಾಹನಗಳು ಸಾಗುವ ಹಾಸು ಈ ಚೌಕಟ್ಟಿನ ಮೇಲೆ ಕುಳಿತಿಲ್ಲ, ಅದರಿಂದ ಕೆಳಗೆ ತೂಗುತ್ತಿದೆ. 39 ಜೊತೆ ತೂಗುಸಲಾಕೆಗಳು ಅಡ್ಡತೊಲೆಗಳನ್ನು ಹಿಡಿದಿದ್ದು, ಅವುಗಳ ಮೇಲೆ 71 ಅಡಿ ಅಗಲದ ರಸ್ತೆಯೂ ಇಕ್ಕೆಲಗಳಲ್ಲಿ 15 ಅಡಿಗಳ ಪಾದಚಾರಿ ಮಾರ್ಗಗಳೂ ಇವೆ. ಗೋಪುರಗಳಿಂದಾಚೆಗೆ ರಸ್ತೆಯು ನೆಲದ ಆಧಾರವನ್ನೇ ಪಡೆಯುವುದರಿಂದ ಲಂಗರುತೋಳುಗಳ ಮೇಲೆ ವಾಹನಗಳ ಭಾರ ಬೀಳುವುದಿಲ್ಲ.

ಈ ಬಗೆಯ ಸೇತುವೆಯನ್ನು ಆರಿಸುವುದು ಆ ಕಾಲದಲ್ಲಿ ನಿರಾತಂಕದ ನಿರ್ಧಾರವಾಗಿರಲಿಲ್ಲ. ಕೆನಡಾದ ಕ್ವಿಬೆಕ್ ಚಾಚುತೊಲೆ ಸೇತುವೆಯು 1907ರಲ್ಲಿ ನಿರ್ಮಾಣದ ಹಂತದಲ್ಲಿಯೇ ಕುಸಿದು 75 ಕಾರ್ಮಿಕರು ಮೃತಪಟ್ಟಿದ್ದರು. 1916ರಲ್ಲಿ ಅದರ ಮಧ್ಯಭಾಗವನ್ನು ಇಡಿಯಾಗಿ ಮೇಲೆತ್ತುವಾಗ ಅದು ನದಿಗೆ ಬಿದ್ದು ಮತ್ತೆ 13 ಮಂದಿ ಪ್ರಾಣ ಕಳೆದುಕೊಂಡರು. 1917ರಲ್ಲಿ ಪೂರ್ಣಗೊಂಡ ಆ ಸೇತುವೆ ಮತ್ತು ಸ್ಕಾಟ್ಲೆಂಡಿನ ಫೋರ್ತ್ ಸೇತುವೆ ಎರಡನ್ನು ಬಿಟ್ಟರೆ ಪೂರ್ಣಗೊಂಡ ಕಾಲಕ್ಕೆ ಹೌರಾ ಸೇತುವೆಯಷ್ಟು ಉದ್ದವಾದ ಅಂಕಣವುಳ್ಳ ಚಾಚುತೊಲೆ ಸೇತುವೆ ಪ್ರಪಂಚದಲ್ಲಿ ಬೇರೊಂದಿರಲಿಲ್ಲ.

ನೆಲದೊಳಗಿನ ಕಾಮಗಾರಿ

1935ರಲ್ಲಿ ಶಾಸನಕ್ಕೆ ತಿದ್ದುಪಡಿಯಾಗಿ, 1936ರಲ್ಲಿ ನಿರ್ಮಾಣ ಕಾರ್ಯ ಆರಂಭವಾಯಿತು. ಹದಿನೈದು ವರ್ಷಗಳ ಹಿಂದೆ ಸಮಿತಿಯ ನೇತೃತ್ವ ವಹಿಸಿದ್ದ ರಾಜೇಂದ್ರನಾಥ ಮುಖರ್ಜಿಯವರು ಅದೇ ವರ್ಷ ನಿಧನ ಹೊಂದಿದರು.

ಟರ್ನ್‌ಬುಲ್ ಅವರು 1862ರಲ್ಲಿ ಎಚ್ಚರಿಸಿದ್ದ ಕೆಸರಿನ ಸಮಸ್ಯೆ ಈಗ ಎದುರಾಯಿತು. ಒಂದೊಂದು ಗೋಪುರದ ಕೆಳಗೂ 55.31 ಮೀಟರ್ ಉದ್ದ, 24.8 ಮೀಟರ್ ಅಗಲದ ಏಕಶಿಲೆಯಂತಹ ಕೇಸಾನ್ ಅಥವಾ ಅಡಿಪಾಯ ಪೆಟ್ಟಿಗೆಯನ್ನು ನೆಲದೊಳಕ್ಕೆ ಇಳಿಸಬೇಕಿತ್ತು. ಪ್ರತಿಯೊಂದರಲ್ಲಿಯೂ 6.25 ಮೀಟರ್ ಚದರದ 21 ಬಾವಿಗಳಿದ್ದವು. ಈ ಬಾವಿಗಳ ಮೂಲಕ ತಳದ ಮಣ್ಣನ್ನು ತೆಗೆಯುತ್ತ ಹೋದಂತೆ ಪೆಟ್ಟಿಗೆಯು ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ. ಎಲ್ಲಿ ಎಷ್ಟು ಮಣ್ಣು ತೆಗೆಯಬೇಕೆಂಬ ಲೆಕ್ಕ ತಪ್ಪಿದರೆ ಅದು ಒಂದು ಬದಿಗೆ ವಾಲುತ್ತದೆ. ಆದುದರಿಂದ ಮಣ್ಣು ಅತಿ ಮೆತ್ತಗಿರುವ ಕಡೆ ಅಕ್ಷಕ್ಕೆ ಸಮಾನ ದೂರದಲ್ಲಿರುವ ಬಾವಿಗಳನ್ನು ಅಗೆಯದೆ ಬಿಟ್ಟು ಇಳಿತವನ್ನು ಹತೋಟಿಯಲ್ಲಿಡಲಾಯಿತು. ಹಗಲಿರುಳು ನಡೆದ ಈ ಕಾರ್ಯದಲ್ಲಿ ದಿನಕ್ಕೆ ಒಂದು ಅಡಿ ಅಥವಾ ಸ್ವಲ್ಪ ಹೆಚ್ಚು ಇಳಿತ ಸಾಧ್ಯವಾಯಿತು.

ಹೌರಾ ಕಡೆಯಲ್ಲಿ ತೆರೆದ ಬಾವಿಗಳ ಮೂಲಕವೇ ಕೆಲಸ ಮುಂದುವರಿಯಿತು. ಕಲ್ಕತ್ತ ಕಡೆಯಲ್ಲಿ ಹರಿಯುವ ಮರಳು ಬಾವಿಗಳೊಳಕ್ಕೆ ನುಗ್ಗತೊಡಗಿದ್ದರಿಂದ ಅದನ್ನು ತಡೆಯಲು ಒತ್ತಿದ ಗಾಳಿಯನ್ನು ತುಂಬಬೇಕಾಯಿತು. ಚದರ ಅಂಗುಲಕ್ಕೆ ಸುಮಾರು 40 ಪೌಂಡುಗಳ ಒತ್ತಡದ ಆ ಗಾಳಿಯ ಏರ್ಪಾಡಿಗೆ ಸುಮಾರು 500 ಕಾರ್ಮಿಕರು ಬೇಕಾದರು. ವಾಯುಮಂಡಲದ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿನ ಒತ್ತಡದಲ್ಲಿ ನಡೆಯುವ ಇಂತಹ ಕೆಲಸದಿಂದ ಹೊರಬರುವಾಗ ಒತ್ತಡವನ್ನು ನಿಧಾನವಾಗಿ ಇಳಿಸದಿದ್ದರೆ ರಕ್ತದಲ್ಲಿ ಕರಗಿದ ಸಾರಜನಕವು ಗುಳ್ಳೆಗಳಾಗಿ ಜೀವಕ್ಕೇ ಅಪಾಯ ಒದಗುತ್ತದೆ. ಸೇತುವೆಯ ಚರಿತ್ರೆಯಲ್ಲಿ ಸಮಿತಿಗಳ ಅಧ್ಯಕ್ಷರ ಹೆಸರುಗಳು ಉಳಿದಿವೆ. ಈ ಕಾರ್ಮಿಕರು ಸಂಖ್ಯೆಯಾಗಿ ಮಾತ್ರ ಉಳಿದಿದ್ದಾರೆ.

ಬಾವಿಗಳಿಂದ ಹೊರಬಂದ ಕೆಸರಿನಲ್ಲಿ ಲಂಗರುಗಳು, ಫಿರಂಗಿಗಳು, ಫಿರಂಗಿಗುಂಡುಗಳು, ಹಿತ್ತಾಳೆಯ ಪಾತ್ರೆಗಳು, ಈಸ್ಟ್ ಇಂಡಿಯಾ ಕಂಪನಿಯ ಕಾಲದ ನಾಣ್ಯಗಳು ದೊರೆತವು. ಒಂದು ರಾತ್ರಿ ಕೇಸಾನ್‌ನ ತಳದ ನೆಲ ಇದ್ದಕ್ಕಿದ್ದಂತೆ ಸಡಿಲಗೊಂಡು ಆ ಬೃಹತ್ ರಾಶಿಯು ಒಮ್ಮೆಲೇ ಎರಡು ಅಡಿ ಕೆಳಕ್ಕೆ ಕುಸಿಯಿತು. ಆ ಆಘಾತವನ್ನು ಕಿದ್ದರ್‌ಪುರದ ಭೂಕಂಪನ ಮಾಪಕವು ಭೂಕಂಪವೆಂದು ದಾಖಲಿಸಿತು. ದಡದಲ್ಲಿದ್ದ ದೇವಾಲಯವೊಂದು ಹಾನಿಗೊಂಡು, ಅನಂತರ ಪುನರ್ನಿರ್ಮಾಣಗೊಂಡಿತು. ಇಷ್ಟಾದರೂ ಕೇಸಾನ್‌ಗಳು ತಮ್ಮ ನಿಗದಿತ ಸ್ಥಾನದಿಂದ 50ರಿಂದ 75 ಮಿಲಿಮೀಟರುಗಳಷ್ಟು ಮಾತ್ರ ಸರಿದಿದ್ದವು. ಕಲ್ಕತ್ತ ಕಡೆಯಲ್ಲಿ 31.41 ಮೀಟರ್, ಹೌರಾ ಕಡೆಯಲ್ಲಿ 26.53 ಮೀಟರ್ ಆಳದಲ್ಲಿ ಗಟ್ಟಿ ಜೇಡಿಮಣ್ಣಿನ ಮೇಲೆ ಅವು ನೆಲೆನಿಂತವು. 1938ರ ನವೆಂಬರಿನಲ್ಲಿ ಅಡಿಪಾಯದ ಕಾಮಗಾರಿ ಪೂರ್ಣಗೊಂಡಿತು.

ಉಕ್ಕಿನ ಪ್ರಶ್ನೆ

ನಿರ್ಮಾಣದ ಗುತ್ತಿಗೆ ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಬ್ರಿಡ್ಜ್ ಅಂಡ್ ಎಂಜಿನಿಯರಿಂಗ್ ಕಂಪನಿಗೆ ದೊರೆಯಿತು. ಉಕ್ಕಿನ ಭಾಗಗಳ ತಯಾರಿಕೆಯನ್ನು ಬ್ರೇತ್‌ವೇಟ್, ಬರ್ನ್ ಮತ್ತು ಜೆಸಪ್ ಎಂಬ ಮೂರು ಎಂಜಿನಿಯರಿಂಗ್ ಸಂಸ್ಥೆಗಳು ಕೂಡಿ ರಚಿಸಿಕೊಂಡ ಕಂಪನಿಯು ಕಲ್ಕತ್ತದ ಕಾರ್ಯಾಗಾರಗಳಲ್ಲಿ ಕೈಗೊಂಡಿತು. 1874ರ ಸೇತುವೆಯ ಭಾಗಗಳು ಇಂಗ್ಲೆಂಡಿನಿಂದ ಬಂದಿದ್ದವೆಂಬುದನ್ನು ನೆನೆದರೆ ಆರು ದಶಕಗಳಲ್ಲಿ ಆಗಿದ್ದ ಬದಲಾವಣೆ ಸ್ಪಷ್ಟವಾಗುತ್ತದೆ.

ಸೇತುವೆಗೆ ಬೇಕಾದ ಒಟ್ಟು ಉಕ್ಕು 26,500 ಟನ್. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದ ಮೇಲೆ ಬ್ರಿಟನ್ನಿನಿಂದ ಉಕ್ಕು ಬರುವುದು ದುಸ್ತರವಾಯಿತು. ಇದರಲ್ಲಿ ಸುಮಾರು 23,000 ಟನ್ ಉಕ್ಕನ್ನು ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಪೂರೈಸಿತು. ‘ಟಿಸ್ಕ್ರಾಮ್’ ಎಂಬ ಹೆಸರಿನ ಈ ಮಿಶ್ರಲೋಹದ ಉಕ್ಕು ಸಾಧಾರಣ ಉಕ್ಕಿಗಿಂತ ಹೆಚ್ಚಿನ ಎಳೆತವನ್ನು ತಾಳಬಲ್ಲದು. ದೀರ್ಘ ಅಂಕಣದ ಸೇತುವೆಯಲ್ಲಿ ಇದರ ಮಹತ್ವ ಅಪಾರ. ಏಕೆಂದರೆ ಅಂತಹ ಸೇತುವೆ ಹೊರುವ ಭಾರದಲ್ಲಿ ಬಹುಪಾಲು ಅದರ ಸ್ವಂತ ತೂಕವೇ ಆಗಿರುತ್ತದೆ. ಉಕ್ಕು ಬಲಿಷ್ಠವಾದಷ್ಟೂ ಸೇತುವೆ ಹಗುರವಾಗುತ್ತದೆ, ಹಗುರವಾದಷ್ಟೂ ಮೆತ್ತನೆಯ ನೆಲದ ಮೇಲಿನ ಹೊರೆ ಇಳಿಯುತ್ತದೆ. ನದಿಯಲ್ಲಿ ಕಂಬವಿರಬಾರದೆಂಬ ನಿಬಂಧನೆಯನ್ನು ಪಾಲಿಸಲು ಸಾಧ್ಯವಾಗಿಸಿದ ಸಾಮಗ್ರಿ ಹೀಗೆ ಬಹುಮಟ್ಟಿಗೆ ಈ ನೆಲದ್ದೇ ಆಗಿತ್ತು. ಸೇತುವೆಯನ್ನು ಕೇವಲ ಬ್ರಿಟಿಷರ ಕೊಡುಗೆಯೆಂದು ಬಣ್ಣಿಸುವ ಬರಹಗಳು ಈ ಅಂಶವನ್ನು ಮರೆಯುತ್ತವೆ. ಅಂತೆಯೇ ಅದನ್ನು ಸಂಪೂರ್ಣ ಸ್ವದೇಶಿ ಸಾಧನೆಯೆಂದು ಹೇಳುವುದೂ ವಿನ್ಯಾಸಕಾರರಿಗೆ ಅನ್ಯಾಯವೆಸಗಿದಂತೆ.

ಜೋಡಣೆ ಮತ್ತು ಮೌನದ ಉದ್ಘಾಟನೆ

ಉಕ್ಕಿನ ಚೌಕಟ್ಟನ್ನು ಎರಡೂ ದಡಗಳ ಲಂಗರುತೋಳುಗಳಿಂದ ಆರಂಭಿಸಿ ನದಿಯ ಮಧ್ಯದ ಕಡೆಗೆ ಬೆಳೆಸಲಾಯಿತು. ಚೌಕಟ್ಟಿನ ಮೇಲ್ತೊಲೆಯ ಮೇಲೆ ತೆವಳುತ್ತ ಸಾಗುವ ಕ್ರೇನುಗಳು ತಮ್ಮ ಮುಂದಿನ ಭಾಗವನ್ನು ತಾವೇ ಕಟ್ಟಿಕೊಂಡು ಅದರ ಮೇಲೆ ಮುನ್ನಡೆದವು. ಚಾಚುತೋಳುಗಳ ಕೆಲಸ 1940ರ ಅಂತ್ಯದಲ್ಲಿ ಆರಂಭವಾಗಿ 1941ರ ಮಧ್ಯಭಾಗದ ವೇಳೆಗೆ ಮುಗಿಯಿತು. ಕ್ವಿಬೆಕ್‌ನಲ್ಲಿ ಮಾಡಿದಂತೆ ಮಧ್ಯಭಾಗವನ್ನು ಇಡಿಯಾಗಿ ಮೇಲೆತ್ತಲಿಲ್ಲ. 282 ಅಡಿ ಉದ್ದದ, ತಲಾ 2,000 ಟನ್ ತೂಕದ ಎರಡು ಅರ್ಧಗಳನ್ನು ಎರಡು ಕಡೆಗಳಿಂದ ಗಾಳಿಯಲ್ಲಿ ಚಾಚುತ್ತ ಬಂದು, ತಲಾ 800 ಟನ್ ಸಾಮರ್ಥ್ಯದ 16 ಜಲಚಾಲಿತ ಜಾಕ್‌ಗಳ ನೆರವಿನಿಂದ ಒಂದನ್ನೊಂದು ಕೂಡಿಸಲಾಯಿತು. ಈ ಎರಡು ಅರ್ಧಗಳು ಸಿದ್ಧಗೊಂಡದ್ದು 1941ರ ಡಿಸೆಂಬರಿನಲ್ಲಿ. ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ನಡೆಸಿ ಯುದ್ಧಕ್ಕಿಳಿದದ್ದೂ ಅದೇ ತಿಂಗಳು.

1942ರ ಮಾರ್ಚ್‌ನಲ್ಲಿ ರಂಗೂನ್ ಪತನವಾಯಿತು. ಕಲ್ಕತ್ತ ಯುದ್ಧರಂಗದ ಹಿಂದಿನ ನೆಲೆಯಾಯಿತು. ಜಪಾನಿ ಸೈನ್ಯಕ್ಕೆ ನೆರವಾಗಬಾರದೆಂಬ ಕಾರಣದಿಂದ ಸರ್ಕಾರವು ಅದೇ ವರ್ಷ ಬಂಗಾಳದ ಕರಾವಳಿ ಜಿಲ್ಲೆಗಳಲ್ಲಿ ಸಾವಿರಾರು ದೋಣಿಗಳನ್ನು ವಶಪಡಿಸಿಕೊಂಡಿತು, ಇಲ್ಲವೇ ನಾಶಪಡಿಸಿತು. ಮೀನುಗಾರರೂ ರೈತರೂ ನದಿ ದಾಟುವ ಸಾಧನವನ್ನೇ ಕಳೆದುಕೊಂಡರು. ಅದೇ ಪ್ರಾಂತದ ರಾಜಧಾನಿಯಲ್ಲಿ ನದಿ ದಾಟಲು ದೇಶದ ಅತಿ ದೊಡ್ಡ ಸೇತುವೆ ಪೂರ್ಣಗೊಳ್ಳುತ್ತಿತ್ತು. ಒಂದೇ ಆಡಳಿತದ ಈ ಎರಡು ಕಾರ್ಯಗಳನ್ನು ಪ್ರತ್ಯೇಕವಾಗಿ ನೋಡುವುದು ಇತಿಹಾಸಕಾರನಿಗೆ ಸಾಧ್ಯವಿಲ್ಲ.

1942ರ ಡಿಸೆಂಬರಿನಲ್ಲಿ ಜಪಾನಿ ವಿಮಾನಗಳು ಕಲ್ಕತ್ತದ ಮೇಲೆ ಬಾಂಬುಗಳನ್ನು ಹಾಕಿದವು. ಆದುದರಿಂದ ಸುಮಾರು ಎರಡೂವರೆ ಕೋಟಿ ರೂಪಾಯಿಗಳ ವೆಚ್ಚದಲ್ಲಿ ಸಿದ್ಧವಾದ ಸೇತುವೆಗೆ ವಿಧ್ಯುಕ್ತ ಉದ್ಘಾಟನೆಯೇ ನಡೆಯಲಿಲ್ಲ. 1943ರ ಫೆಬ್ರವರಿ 3ರಂದು ಒಂಟಿ ಟ್ರಾಮ್ ಗಾಡಿಯೊಂದು ಸದ್ದಿಲ್ಲದೆ ಅದರ ಮೇಲೆ ಸಾಗಿತು. ಅದೇ ವರ್ಷ ಬಂಗಾಳವನ್ನು ಭೀಕರ ಕ್ಷಾಮ ಆವರಿಸಿ, ಅನ್ನವನ್ನರಸಿ ಹಳ್ಳಿಗಳಿಂದ ಬಂದ ನಿರ್ಗತಿಕರಿಂದ ಕಲ್ಕತ್ತದ ಬೀದಿಗಳು ತುಂಬಿದವು. ವಿಜಯದ ಸ್ಮಾರಕವಾಗಿ ಅಲ್ಲ, ಕಷ್ಟಕಾಲದ ಹಾದಿಯಾಗಿ ಈ ಸೇತುವೆ ನಗರದ ಬದುಕಿನೊಳಗೆ ಪ್ರವೇಶಿಸಿತು.

ಬಳಕೆ ಮತ್ತು ಸವಕಳಿ

1946ರ ಗಣತಿಯ ಪ್ರಕಾರ ದಿನವೊಂದಕ್ಕೆ 27,400 ವಾಹನಗಳು, 1,21,100 ಪಾದಚಾರಿಗಳು ಹಾಗೂ 2,997 ಜಾನುವಾರುಗಳು ಸೇತುವೆಯನ್ನು ದಾಟುತ್ತಿದ್ದವು. 1965ರ ಜೂನ್ 14ರಂದು ಸೇತುವೆಗೆ ‘ರವೀಂದ್ರ ಸೇತು’ ಎಂದು ನಾಮಕರಣ ಮಾಡಲಾಯಿತು. ಆದರೆ ಜನರ ಬಾಯಲ್ಲಿ ಅದು ಹೌರಾ ಸೇತುವೆಯಾಗಿಯೇ ಉಳಿಯಿತು. ಹೆಚ್ಚುತ್ತಿರುವ ಭಾರವನ್ನು ತಗ್ಗಿಸಲು 1993ರಲ್ಲಿ ಟ್ರಾಮ್ ಸಂಚಾರವನ್ನು ನಿಲ್ಲಿಸಲಾಯಿತು. ಮೊದಲು ದಾಟಿದ ವಾಹನವೇ ಮೊದಲು ನಿರ್ಗಮಿಸಿದಂತಾಯಿತು.

2005ರ ಜೂನ್‌ನಲ್ಲಿ ಉಬ್ಬರದ ವೇಳೆ ಸೇತುವೆಯ ಕೆಳಗೆ ಸಾಗಲೆತ್ನಿಸಿದ ಸರಕುಹಡಗೊಂದರ ಹೊಗೆಕೊಳವೆ ಹಾಸಿನ ಅಡಿಯಲ್ಲಿ ಸಿಲುಕಿ ತೊಲೆಗಳಿಗೆ ಹಾನಿಯಾಯಿತು. ಇದಕ್ಕಿಂತ ನಿಧಾನವಾದ, ಆದರೆ ಹೆಚ್ಚು ವ್ಯಾಪಕವಾದ ಹಾನಿ ದಿನನಿತ್ಯದ ಬಳಕೆಯಿಂದ ಉಂಟಾಯಿತು. ಪಕ್ಷಿಗಳ ಹಿಕ್ಕೆ ಉಕ್ಕನ್ನು ಕೊರೆಯಿತು. ದಾರಿಹೋಕರು ಉಗಿಯುವ ತಾಂಬೂಲದ ರಸದಿಂದ ತೂಗುಸಲಾಕೆಗಳ ಬುಡಕ್ಕೆ ಹೊದಿಸಿದ್ದ 6 ಮಿಲಿಮೀಟರ್ ದಪ್ಪದ ಉಕ್ಕಿನ ಕವಚಗಳು ಕೆಲವೇ ವರ್ಷಗಳಲ್ಲಿ 3 ಮಿಲಿಮೀಟರಿಗಿಂತಲೂ ತೆಳ್ಳಗಾಗಿದ್ದುದು 2011ರ ವೇಳೆಗೆ ಕಂಡುಬಂದಿತು. ಸುಣ್ಣ ಬೆರೆತ ಈ ರಸವನ್ನು ತಡೆಯಲು ನಾರುಗಾಜಿನ ಹೊದಿಕೆಗಳನ್ನು ಅಳವಡಿಸಲಾಯಿತು. ಬಾಂಬು ದಾಳಿಯ ಭೀತಿಯಲ್ಲಿ ತೆರೆದ ಸೇತುವೆಯ ಬುಡವನ್ನು ದಾರಿಹೋಕರ ಉಗುಳಿನಿಂದ ಕಾಪಾಡಬೇಕಾಗಿ ಬಂದದ್ದು ವಿಪರ್ಯಾಸ. ಇಡೀ ಹಾಸು ತೂಗುವುದೇ ಈ ಸಲಾಕೆಗಳ ಆಧಾರದ ಮೇಲೆ ಎಂಬುದನ್ನು ಗಮನಿಸಿದರೆ ಇದು ಕೇವಲ ನೈರ್ಮಲ್ಯದ ವಿಷಯವಲ್ಲವೆಂಬುದು ಮನವರಿಕೆಯಾಗುತ್ತದೆ.

ಉಪಸಂಹಾರ

ಹೌರಾ ಸೇತುವೆಯ ಆಕಾರವನ್ನು ನಿರ್ಧರಿಸಿದ್ದು ಬಂದರಿನ ಹಿತ. ಆ ಹಿತಕ್ಕಾಗಿಯೇ ನಗರವು ಏಳು ದಶಕಗಳ ಕಾಲ ಬಿಡಿಸಿ ಕೂಡಿಸುವ ಸೇತುವೆಯ ಮುಂದೆ ಕಾದು ನಿಂತಿತು. ಅನಂತರ ನದಿಗೆ ಅಡ್ಡಿಯಾಗದ 1,500 ಅಡಿಗಳ ಅಂಕಣಕ್ಕೆ ಬೆಲೆ ತೆತ್ತಿತು. ಆದರೆ ಹೂಳನ್ನು ಸೇತುವೆಯ ವಿನ್ಯಾಸವೊಂದರಿಂದಲೇ ಗೆಲ್ಲುವುದು ಸಾಧ್ಯವಾಗಲಿಲ್ಲ. ಹೂಗ್ಲಿಗೆ ಹೆಚ್ಚಿನ ನೀರು ಹರಿಸಲು 1975ರಲ್ಲಿ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಿತು. 1977ರಲ್ಲಿ ಸಮುದ್ರಕ್ಕೆ ಹೆಚ್ಚು ಸಮೀಪವಿರುವ ಹಲ್ದಿಯಾದಲ್ಲಿ ಹೊಸ ಹಡಗುಕಟ್ಟೆ ತೆರೆದು ದೊಡ್ಡ ಹಡಗುಗಳು ಅಲ್ಲಿಗೆ ಸರಿದವು. ಯಾರ ಅನುಕೂಲಕ್ಕಾಗಿ ನದಿಯನ್ನು ತೆರೆದಿಡಲಾಯಿತೋ ಅವರ ಪಾಲು ಕುಗ್ಗಿತು. 1874ರಿಂದ 1943ರವರೆಗೆ ದಡದಲ್ಲಿ ಕಾಯುತ್ತಿದ್ದ ಪಾದಚಾರಿ, ಕೂಲಿ ಹಾಗೂ ನಿತ್ಯಪ್ರಯಾಣಿಕರೇ ಸೇತುವೆಯ ನಿಜವಾದ ಒಡೆಯರಾದರು. ಕಾನೂನಿನ ದೃಷ್ಟಿಯಿಂದ ಮಾತ್ರ ಸೇತುವೆಯ ಪಾಲನೆ ಬಂದರಿನ ಕೈಯಲ್ಲಿಯೇ ಉಳಿದಿದೆ.

ಆದರೂ ಆ ಹಳೆಯ ನಿಬಂಧನೆ ವ್ಯರ್ಥವಾಯಿತೆಂದು ಹೇಳಲಾಗದು. 1992ರ ಅಕ್ಟೋಬರ್ 10ರಂದು ಕೆಳಪ್ರವಾಹದಲ್ಲಿ ತೆರೆದ ವಿದ್ಯಾಸಾಗರ ಸೇತು ಬೇರೆಯದೇ ತಂತ್ರವನ್ನು, ಗೋಪುರಗಳಿಂದ ಇಳಿಬಿಟ್ಟ ಹುರಿಗಳ ತಂತ್ರವನ್ನು ಅನುಸರಿಸಿತು. ಆದರೆ ಅದರ ಮುಖ್ಯ ಅಂಕಣದ ಉದ್ದವೂ 457.2 ಮೀಟರ್, ಅಂದರೆ ಅದೇ 1,500 ಅಡಿ. 2024ರ ಮಾರ್ಚ್‌ನಲ್ಲಿ ಸಂಚಾರ ಆರಂಭಿಸಿದ ಹೌರಾ-ಎಸ್ಪ್ಲನೇಡ್ ಮೆಟ್ರೋ ಮಾರ್ಗವು ಸುಮಾರು 520 ಮೀಟರುಗಳಷ್ಟು ದೂರ ನದಿಯ ತಳದ ಕೆಳಗಿನ ಸುರಂಗದಲ್ಲಿ ಸಾಗುತ್ತದೆ. ಚಾಚುತೊಲೆ, ಹುರಿ, ಸುರಂಗ ಎಂಬ ಮೂರು ಕಾಲದ ಮೂರು ಉತ್ತರಗಳಲ್ಲಿಯೂ ನದಿಯ ನಡುವೆ ಕಂಬವನ್ನು ನಿಲ್ಲಿಸಿಲ್ಲ. ಬಂದರಿನ ಲೆಕ್ಕಾಚಾರದಿಂದ ಹುಟ್ಟಿದ ನಿಯಮವು ಕ್ರಮೇಣ ನದಿಯನ್ನು ಅದರ ಪಾಡಿಗೆ ಹರಿಯಗೊಡುವ ಪರಂಪರೆಯಾಗಿ ಮಾರ್ಪಟ್ಟಿತು. ಸೇತುವೆಯ ಅಧ್ಯಯನದಲ್ಲಿ ದಡಗಳ ಜೊತೆಗೆ ಅದರ ಕೆಳಗೆ ಹರಿಯುವ ನೀರಿಗೂ ಸ್ಥಾನ ಕೊಡಬೇಕೆಂಬುದನ್ನು ಹೌರಾ ಸೇತುವೆಯ ಇತಿಹಾಸ ಸ್ಪಷ್ಟಪಡಿಸುತ್ತದೆ.